ಮಾಳಿಗಿ ಮ್ಯಾಲಿನ ವರ್ಷ

ಕರಾರುಪತ್ರದಾಗ ಹೆಸರು ಮುಲುಗೇಟಾ.
ಓಣಿ ಹುಡುಗರ ಬಾಯಾಗ ಎರಡೇ ದಿನಕ್ಕ ಮೂಲಗಟ್ಟಿ ಆತು.
ಮೂರನೇ ದಿನ ಹಾಲಿನ ನರಸಪ್ಪ ಕೇಳಿದ,
"ಯಾವ ಮೂಲಗಟ್ಟಿಯವರ್ರೀ ಇವರು, ಕುಷ್ಟಗಿ ಕಡಿಯವರಾ?"

ಇಥಿಯೋಪಿಯಾದವ. ಕೃಷಿ ವಿಶ್ವವಿದ್ಯಾಲಯಕ್ಕ ಬಂದಾನ,
ಜ್ವಾಳದ ಕಾಡಿಗಿ ರೋಗದ ಮ್ಯಾಲ ಪಿಎಚ್‌ಡಿ.
ಎರಡು ಪೆಟ್ಟಿಗಿ, ಕಾಫಿ ಕಾಸೋ ಒಂದು ಮಣ್ಣಿನ ಹೂಜಿ,
ಮತ್ತ ಮೇ ತಿಂಗಳ ರಾಯಚೂರು.
ಮೊದಲ ವಾರ ಬಂಡಿ ಮ್ಯಾಲ ನೀರು ಚೆಲ್ಲಿ ಅದರಾಗ ಮಲಗಿದ.
ನೋಡಿಯೂ ನೋಡಲಾರದಂಗ ಇಳಿದು ಬಂದೆ.
ನಾವೂ ಹಂಗ ಮಲಗತೀವಿ,
ಹೊರಗಿನವರಿಗೆ ಹೇಳಂಗಿಲ್ಲ ಅಷ್ಟ.

ಎಸ್ಪಿ ಆಫೀಸಿಗೆ ನಾಲ್ಕು ಸಲ ಅಡ್ಡಾಡಿದಿವಿ.
ಅವ ಪರದೇಶಿ ಅಂತ ನಾನು ಬರೆದು ಕೊಡಬೇಕಂತ.
ಹುಲಿಗೆಮ್ಮ, ಮನಿ ಮಾಲಕರು, ಅಂತ ಸಹಿ ಹಾಕಿದೆ.
ನಮ್ಮಲ್ಲಿ ಆ ಶಬ್ದಕ್ಕ
ದಿಕ್ಕಿಲ್ಲದವ ಅಂತನೂ ಅರ್ಥ ಅದ.
ಅದನ್ನ ಅವಗ ಹೇಳಲಿಲ್ಲ.

ಅವರ ಕಡಿ ರೊಟ್ಟಿ ಹುಳಿ ಅಂತ, ಹತ್ತಿಯಂಗ ಮೆತ್ತಗ ಅಂತ,
ಅವರವ್ವ ಮೂರು ದಿನ ಹಿಟ್ಟು ಕಲಸಿ ಇಡತಾಳಂತ.
ನನ್ನ ಖಡಕ್ ರೊಟ್ಟಿ ಕಟಕ್ಕಂತ ಮುರದಾಗ
ತಟ್ಟಿ ಒಡದೆನೇನೋ ಅಂತ ಅಂಜಿ ಕೂತ.
ಆಮ್ಯಾಲ ಒಂದಿನ, ನಾಲ್ಕನೇ ರೊಟ್ಟಿ ತಿನ್ನುವಾಗ ಹೇಳಿದ,
"ಆಂಟಿ, ಜ್ವಾಳ ಹುಟ್ಟಿದ್ದ ನಮ್ಮ ಕಡಿ.
ಸಾವಿರಾರು ವರ್ಷದ ಹಿಂದ ಹಡಗು ಹತ್ತಿ ಬಂತು."
"ಹಂಗಾದ್ರ ಮೊದಲು ಅದು ಬಂತು, ಆಮ್ಯಾಲ ನೀನು,
ಬಾಡಿಗಿ ಮಾತ್ರ ಐದನೇ ತಾರೀಖಿಗೆ ಕೊಡು" ಅಂದೆ.

ಮುಂಜಾನೆ ಏಳಕ್ಕ ಅವನ ಗಡಿಯಾರದಾಗ ಒಂದು ಗಂಟಿ.
ಹೊತ್ತು ಹುಟ್ಟಿದಾಗಿಂದ ಎಣಸತಾರಂತ.
ಗೈಡ್ ಎಂಟಕ್ಕ ಬಾ ಅಂದ್ರ ಇವ ಮೊದಲಿಗೆ ಮಧ್ಯಾಹ್ನ ಹೋಗಿ
ಬೈಸಿಕೊಂಡು ಬಂದ.

ನಳದ ನೀರು ನಮ್ಮ ಓಣಿಗೆ ಮೂರು ದಿನಕ್ಕೊಮ್ಮೆ,
ಅದೂ ಕಳ್ಳನಂಗ, ನಡುರಾತ್ರಿ.
ಶ್ರಾವಣದಾಗ ಒಂದು ರಾತ್ರಿ ಎರಡಕ್ಕ
ಬಾಗಿಲಾ ಬಾಗಿಲಾ ಬಡಕೋತ ಹೊಂಟಿತ್ತೊಂದು ಧ್ವನಿ,
"ನೀರ್ ಬಂದಾವ! ಏಳ್ರಿ! ನೀರ್ ಬಂದಾವ!"
ಕೊಡ ಹಿಡದು ಹೊರಗ ಬಂದ್ರ ಇವನ,
ಲುಂಗಿ ಎತ್ತಿ ಕಟ್ಟಿ, ಬೇಬಿಜಾನಳ ಪೈಪು ಜೋಡಸಾಕ ಹತ್ತ್ಯಾನ.
ಅವತ್ತಿಂದ ಯಾರೂ ಅವನ್ನ ನಿಂತು ನೋಡಂಗಿಲ್ಲ.

ಆದರೂ ದಸರಾ ಮುಗಿದ ಮ್ಯಾಲ ಎರಡು ದಿನ ಕೆಳಗ ಇಳಿಲಿಲ್ಲ.
ರೊಟ್ಟಿ ಹಿಡಕೊಂಡು ಹೋದೆ. ಕಣ್ಣು ಕೆಂಪಗ.
ಪ್ಲಾಟಿನಾಗ ರೋಗನ ಹತ್ತಲಿಲ್ಲಂತ.
ತೆನಿ ಎಲ್ಲಾ ಗುಂಡಗ, ಬೆಳ್ಳಗ, ಹಾಲುಗಾಳು.
ಒಂದು ವರ್ಷದ ಓದು ಮಣ್ಣುಪಾಲು.
ಬೆಳಿ ಚೊಲೋ ಬಂತು ಅಂತ ಅಳೋವನ್ನ
ನನ್ನ ಜೀವಮಾನದಾಗ ಮೊದಲ ಸಲ ನೋಡಿದೆ.
ನಗು ತಡಕೊಂಡೆ. ಅವನ ಮೊದಲು ನಕ್ಕ.

ಅವತ್ತ ಕಂಡದ್ದು, ಗ್ವಾಡಿ ಮ್ಯಾಲ ಅವರ ದೇಶದ ಕ್ಯಾಲೆಂಡರ್.
ಹದಿಮೂರು ತಿಂಗಳು. ಕಡೀ ತಿಂಗಳಿಗೆ ಐದ ದಿನ.
"ಅದರ ಬಾಡಿಗಿ ಯಾರು ಕೊಡತಾರ?" ಅಂದೆ.
ಕಾಫಿಬೀಜ ಹುರಕೋತ, ಸುಮ್ಮನ ಮಾತಿಗೆ ಹೇಳಿದ,
ಅವರ ಲೆಕ್ಕದಾಗ ಇಸವಿ ನಮಗಿಂತ ಏಳು ವರ್ಷ ಹಿಂದಂತ.

ಬೆರಳು ಮಡಿಚಿದೆ.
ನಮ್ಮ ಮನಿಯವ್ರು ಹೋಗಿ ಆರು.

ಅಂದ್ರ ಮ್ಯಾಲಿನ ಖೋಲಿಯಾಗ ಇನ್ನೂ
ಹತ್ತಿ ಮಿಲ್ಲಿನ ತೂಕ ಬರದು ಮುಗಿಸಿ
ಸೈಕಲ್ ಗ್ವಾಡಿಗೆ ಆನಿಸಿ
ಅರಳಿ ಹತ್ತಿದ ಅಂಗಿ ಝಾಡಿಸಿ
ಬಚ್ಚಲದಾಗ ಕಾಲು ತೊಳಕೋತ ಕೇಳತಿರಬೇಕು,
"ಮ್ಯಾಲ ಯಾರು ಬಂದಾರ?"

ಈಗೀಗ ಕಸ ಹೊಡಿಯೋ ನೆವದಾಗ ದಿನಾ ಹತ್ತತೀನಿ.
ಆ ಅಕ್ಷರ ನನಗ ಬರಂಗಿಲ್ಲ,
ಒಂದು ಕುರ್ಚಿಯಂಗ, ಒಂದು ಕಾಲು ಚಾಚಿ ಕೂತವರಂಗ.
ತಿಂಗಳು ಮುಗಿದ್ರ ಅವನ ಹಾಳಿ ತಿರುವತಾನ.
ಮೊನ್ನೆ ಮರೆತು ಹೊಲಕ್ಕ ಹೋಗಿದ್ದ.
ನಾನು ತಿರುವಲಿಲ್ಲ.